‘ಪಾಸ್‌ವರ್ಡ್ ಮರೆತಿರಾ?’ ಎಂಬ ಹಿಂಬಾಗಿಲು

ಪಾಸ್‌ವರ್ಡ್ ಗಟ್ಟಿಯಾಗಿರಲಿ ಎಂದು ಎಲ್ಲರೂ ಹೇಳುತ್ತಾರೆ, ಹೇಳಬೇಕಾದ್ದೇ. ಆದರೆ ಕಳ್ಳನಿಗೆ ನಿಮ್ಮ ಪಾಸ್‌ವರ್ಡ್ ಗೊತ್ತಿರಲೇಬೇಕೆಂದಿಲ್ಲ. ಲಾಗಿನ್ ಪುಟದಲ್ಲಿ ‘ಪಾಸ್‌ವರ್ಡ್ ಮರೆತಿರಾ?’ ಒತ್ತಿದರೆ ಸಾಕು, ಹೊಸದನ್ನು ಇಡುವ ಲಿಂಕ್ ಇಮೇಲ್‌ಗೋ ಒಟಿಪಿ ಮೊಬೈಲ್‌ಗೋ ಬರುತ್ತದೆ. ಇವೆರಡರಲ್ಲಿ ಒಂದು ಅವನ ಕೈಗೆ ಸಿಕ್ಕರೂ ಉಳಿದ ಖಾತೆಗಳು ಒಂದೊಂದಾಗಿ ಹೋಗಬಹುದು. ಹಾಗಾಗಿ ಉಳಿದದ್ದಕ್ಕೆಲ್ಲ ಮೊದಲು ಸಿಮ್ ಮತ್ತು ಇಮೇಲ್ ಭದ್ರವಾಗಬೇಕು ಎನ್ನುವುದು ನನ್ನ ಖಚಿತ ಅಭಿಪ್ರಾಯ.

ಫೋನ್‌ಗೆ ಬೆರಳಚ್ಚಿನ ಲಾಕ್ ಇದ್ದರೂ ಒಳಗಿನ ಸಿಮ್‌ಗೆ ಅದರ ರಕ್ಷಣೆ ಇಲ್ಲ. ಕದ್ದವನು ಸಿಮ್ ತೆಗೆದು ತನ್ನ ಫೋನಿಗೆ ಹಾಕಿಕೊಂಡರೆ ಒಟಿಪಿಗಳೆಲ್ಲ ಅವನಿಗೇ. ಇದನ್ನು ತಡೆಯುವುದು ಸಿಮ್ ಪಿನ್. ಸೆಟ್ಟಿಂಗ್ಸ್‌ನಲ್ಲಿ ‘ಸಿಮ್ ಲಾಕ್’ ಎಂದು ಹುಡುಕಿ. ಆನ್ ಮಾಡುವಾಗ ಅದು ಈಗಿರುವ ಪಿನ್ ಕೇಳುತ್ತದೆ. ಕೇಳುವುದು ಸಿಮ್ ಕಂಪನಿ ಮೊದಲೇ ಇಟ್ಟಿರುವ ಪಿನ್ ಅನ್ನು, ನಿಮ್ಮ ಫೋನಿನದ್ದನ್ನಲ್ಲ. ಎಡವುವುದು ಇಲ್ಲೇ. ದಯವಿಟ್ಟು ಊಹಿಸಿ ಹಾಕಬೇಡಿ. 3 ಸಲ ತಪ್ಪಿದರೆ ಸಿಮ್ ಲಾಕ್ ಆಗಿ ಅದನ್ನು ಬಿಡಿಸುವ 8 ಅಂಕಿಯ ಕೋಡ್, ಅಂದರೆ ಪಿಯುಕೆ ಕೇಳುತ್ತದೆ. ಅದೂ 10 ಸಲ ತಪ್ಪಿದರೆ ಆ ಸಿಮ್ ಮತ್ತೆ ಕೆಲಸಕ್ಕೆ ಬಾರದು. ಪಿನ್, ಪಿಯುಕೆ ಎರಡನ್ನೂ ಕಂಪನಿಯಿಂದ ಪಡೆದು ಕಾಗದದಲ್ಲಿ ಬರೆದಿಟ್ಟುಕೊಂಡ ಮೇಲೆ ಆನ್ ಮಾಡಿ, ನಂತರ ಪಿನ್ ಬದಲಿಸಿ. ಫೋನ್ ರೀಸ್ಟಾರ್ಟ್ ಆದಾಗಲೆಲ್ಲ ಇದನ್ನು ಹಾಕಬೇಕಾಗುತ್ತದೆ. ಅಷ್ಟು ಕಿರಿಕಿರಿ ತಡೆದುಕೊಳ್ಳಬಹುದು. ಜೊತೆಗೆ, ಲಾಕ್ ಆದ ಪರದೆಯ ಮೇಲೆ ಮೆಸೇಜಿನ ಒಳವಿಷಯ ಕಾಣದಂತೆ ಮಾಡಿ. ಅಲ್ಲೇ ಒಟಿಪಿ ಓದಲು ಸಿಗುವಂತಿದ್ದರೆ ಸಿಮ್ ತೆಗೆಯುವ ಕಷ್ಟವೂ ಬೇಡ.

ಯಾರಾದರೂ ಮೋಸದಿಂದ ನಿಮ್ಮ ನಂಬರಿನ ಡೂಪ್ಲಿಕೇಟ್ ಸಿಮ್ ಪಡೆದರೆ ಮಾತ್ರ ಈ ಪಿನ್ ಏನೂ ಮಾಡಲಾರದು. ಆದ್ದರಿಂದ ಇಮೇಲ್ ಲಾಗಿನ್ನನ್ನು ಎಸ್‌ಎಂಎಸ್ ಮೇಲೆ ಬಿಡಬೇಡಿ. ಸಾಮಾನ್ಯವಾಗಿ 30 ಸೆಕೆಂಡಿಗೊಮ್ಮೆ ಕೋಡ್ ಬದಲಿಸುವ ಅಥೆಂಟಿಕೇಟರ್ ಆ್ಯಪ್ ಇದಕ್ಕಿಂತ ವಾಸಿ. ಆದರೆ ನಕಲಿ ಪುಟದಲ್ಲಿ ಆ ಕೋಡನ್ನೂ ನೀವೇ ಟೈಪ್ ಮಾಡಿಕೊಟ್ಟುಬಿಡಬಹುದು. ಪಾಸ್‌ವರ್ಡ್ ಬದಲು ಫೋನಿನ ಬೆರಳಚ್ಚು ಅಥವಾ ಲಾಕ್‌ನಿಂದಲೇ ಲಾಗಿನ್ ಆಗುವ ಪಾಸ್‌ಕೀ ಇನ್ನೂ ಗಟ್ಟಿ: ಅದು ಅಸಲಿ ತಾಣದ ವಿಳಾಸಕ್ಕೇ ಅಂಟಿಕೊಂಡಿರುವುದರಿಂದ ನಕಲಿಯಲ್ಲಿ ಕೆಲಸವೇ ಮಾಡುವುದಿಲ್ಲ. ಯಾವುದನ್ನೇ ಆರಿಸಿಕೊಳ್ಳಿ, ಫೋನ್ ಕೈಲಿಲ್ಲದಾಗ ಲಾಗಿನ್ ಆಗಲು ಬೇಕಾಗುವ ಬ್ಯಾಕಪ್ ಕೋಡ್‌ಗಳನ್ನು ಫೋನಿನ ಹೊರಗೆ ಇಡಿ.

ಇಮೇಲ್ ಆಗಲೇ ಕೈತಪ್ಪಿದೆ ಎನಿಸಿದರೆ ಬರೀ ಪಾಸ್‌ವರ್ಡ್ ಬದಲಿಸಿ ಸುಮ್ಮನಾಗಬೇಡಿ. ಒಳಹೊಕ್ಕವನು ನಿಮ್ಮ ಮೇಲ್‌ಗಳು ತನಗೂ ತಲುಪುವಂತೆ ಫಾರ್ವರ್ಡಿಂಗ್ ಇಟ್ಟಿರಬಹುದು, ಎಚ್ಚರಿಕೆಯ ಮೇಲ್‌ಗಳು ನಿಮಗೆ ಕಾಣದೆ ನೇರ ಟ್ರ್ಯಾಶ್‌ಗೆ ಹೋಗುವಂತೆ ಫಿಲ್ಟರ್ ಮಾಡಿರಬಹುದು. ಪಾಸ್‌ವರ್ಡ್ ಬದಲಾದರೂ ಇವು ಹಾಗೇ ಉಳಿಯುತ್ತವೆ. ಅವನ್ನು ಅಳಿಸಿ, ಗುರುತಿಲ್ಲದ ಸಾಧನಗಳನ್ನು ಸೈನ್ ಔಟ್ ಮಾಡಿ, ಹೊರಗಿನ ಆ್ಯಪ್‌ಗಳಿಗೆ ಕೊಟ್ಟ ಅನುಮತಿಗಳನ್ನು ನೋಡಿ. ಖಾತೆಯನ್ನು ಮರಳಿ ಪಡೆಯಲು ಕೊಟ್ಟಿರುವ ರಿಕವರಿ ನಂಬರ್ ಯಾವುದಿದೆ ಎಂದು ಇವತ್ತೇ ನೋಡಿ. ನೀವು ಬಿಟ್ಟ ಹಳೆಯ ನಂಬರ್ ಅಲ್ಲಿದ್ದರೆ ತೆಗೆದುಬಿಡಿ. ಕಂಪನಿಗಳು ಅಂಥ ನಂಬರನ್ನು ಬೇರೆಯವರಿಗೆ ಕೊಡುತ್ತವೆ, ನಿಮ್ಮ ಒಟಿಪಿ ಅವರಿಗೆ ಹೋಗುತ್ತದೆ.