ಟ್ಯಾಂಕಿನಿಂದ ತೆಂಗಿನಮರಕ್ಕೆ

ಮನೆ ತೋರಿಸಲು ಬಂದ ಬ್ರೋಕರ್ ಬೀಗ ತೆಗೆಯುವ ಮೊದಲೇ ಅಂದಿದ್ದ: "ಪಕ್ಕಾ ಈಸ್ಟ್ ಫೇಸಿಂಗ್ ಸಾರ್. ಬೆಳಗಾದ್ರೆ ಸೂರ್ಯ ಸೀದಾ ಹೊಸ್ತಿಲಿಗೇ ಬರ್ತಾನೆ." ಬಾಗಿಲೇನೋ ಪೂರ್ವಕ್ಕೇ ಇತ್ತು. ಸೂರ್ಯ ಇರಲಿಲ್ಲ. ನಾವು ಬೆಂಗಳೂರಿನ ಈ ಮನೆಗೆ ಬಂದದ್ದು ಡಿಸೆಂಬರಿನಲ್ಲಿ. ಅವನು ಬಲಗಡೆ ಮನೆಯ ನೀರಿನ ಟ್ಯಾಂಕಿನ ಹಿಂದಿನಿಂದ, ಸಾಲಗಾರನ ಹಾಗೆ ಇಣುಕುತ್ತಿದ್ದ.

ಬ್ರೋಕರ್ ಹೇಳಿದ್ದು ಪೂರ್ತಿ ಸುಳ್ಳಲ್ಲ, ವರ್ಷಕ್ಕೆರಡು ಸಲ ನಿಜ. ಮಾರ್ಚ್ 20ರ ಸುಮಾರಿಗೆ, ಮತ್ತೆ ಸೆಪ್ಟೆಂಬರ್ 22-23ರ ಸುಮಾರಿಗೆ ಸೂರ್ಯ ಸರಿಯಾಗಿ ಪೂರ್ವದಲ್ಲೇ ಹುಟ್ಟುತ್ತಾನೆ. ಉಳಿದ ದಿನ ಅಲೆಮಾರಿ. ಭೂಮಿಯ ಅಕ್ಷ 23.4 ಡಿಗ್ರಿ ವಾಲಿಕೊಂಡಿರುವ ತಪ್ಪಿಗೆ ನಮ್ಮೂರಿನಲ್ಲಿ ಡಿಸೆಂಬರಿಗೆ 24 ಡಿಗ್ರಿ ತೆಂಕಕ್ಕೆ, ಜೂನಿಗೆ ಅಷ್ಟೇ ಬಡಗಕ್ಕೆ. ಚಾಚಿದ ಕೈಯ ಮುಷ್ಟಿ ಸುಮಾರು 10 ಡಿಗ್ರಿ ಅಂತಾರಲ್ಲ, ಟ್ಯಾಂಕಿನಿಂದ ಎಡಗಡೆಯ ತೆಂಗಿನಮರದವರೆಗೆ ಅಳೆದೆ: ಐದು ಮುಷ್ಟಿಗೆ ಚೂರು ಕಡಿಮೆ. ಎದುರುಮನೆಯವರು ನಾನು ಮುಷ್ಟಿ ತೋರಿಸಿದ್ದು ತಮಗೇ ಅಂದುಕೊಂಡು ಕಿಟಕಿ ಮುಚ್ಚಿಕೊಂಡರು.

ಈ ಓಡಾಟವೂ ಒಂದೇ ವೇಗದ್ದಲ್ಲ. ಮಾರ್ಚಿನಲ್ಲಿ ದಿನಕ್ಕೆ ಹೆಚ್ಚೂಕಡಿಮೆ ತನ್ನ ಮೈಯಗಲದಷ್ಟು ಸರಿಯುತ್ತಾನೆ. ಡಿಸೆಂಬರ್ 21ರ ಆಚೀಚೆ ಒಂದೆರಡು ವಾರ ಟ್ಯಾಂಕಿಗೇ ಆತುಕೊಂಡಿರುತ್ತಾನೆ. ಉತ್ತರಾಯಣ ಆಗಲೇ ಶುರು ಎಂದು ನಾನು ವಾದಿಸಿದರೆ ಅಮ್ಮ, "ರಥಸಪ್ತಮಿಗೆ ಕಣೋ ರಥ ತಿರುಗೋದು" ಅನ್ನುತ್ತಾಳೆ. ಬರಿಗಣ್ಣಿನ ಲೆಕ್ಕದಲ್ಲಿ ಅವಳೇ ಗೆದ್ದಳು. ಅಷ್ಟು ಹೊತ್ತಿಗೆ ಅವನು ಟ್ಯಾಂಕು ಬಿಟ್ಟು ಪಕ್ಕದ ತಾರಸಿಯ ಬಟ್ಟೆತಂತಿಗೆ ಬಂದಿರುತ್ತಾನೆ.

ಮುಳುಗುವ ಕಡೆಯೂ ಇದೇ ಕಥೆ. ಗವಿಪುರದ ಗಂಗಾಧರೇಶ್ವರನ ಗುಹೆಯಲ್ಲಿ ಸಂಕ್ರಾಂತಿ ಸಂಜೆ ಬಿಸಿಲುಕೋಲು ನಂದಿಯ ಕೊಂಬುಗಳ ನಡುವೆ ಹಾದು ಲಿಂಗ ಮುಟ್ಟುವುದನ್ನು ನೋಡಲು ಜನ ಮುಗಿಬೀಳುತ್ತಾರೆ. ತೆಂಕಕ್ಕೆ ಹೋಗುವಾಗ, ನವೆಂಬರ್ ಕೊನೆಯಲ್ಲೂ ಸೂರ್ಯ ಅದೇ ಜಾಗ ಹಾದಿರುತ್ತಾನೆ. ಆಗ ನೂಕುನುಗ್ಗಲಿಲ್ಲ, ಟೀವಿಯವರೂ ಇಲ್ಲ.

ನನಗೆ ನಿಜಕ್ಕೂ ಮೋಸವಾದದ್ದು ಅಡುಗೆಮನೆಯಲ್ಲಿ. ಬಡಗಣ ಕಿಟಕಿ, ಬಿಸಿಲು ಸುಳಿಯುವುದಿಲ್ಲ ಎಂದು ಮೊಸರಿನ ಪಾತ್ರೆ ಅಲ್ಲಿಟ್ಟಿದ್ದೆವು. ಏಪ್ರಿಲ್ 24ರ ಸುಮಾರಿಗೆ ಬೆಂಗಳೂರಿನಲ್ಲಿ ಸೂರ್ಯ ನಡುಮಧ್ಯಾಹ್ನ ನೆತ್ತಿಗೆ ಬಂದು, ಆಮೇಲೆ ಆಗಸ್ಟ್ 18ರವರೆಗೆ ಮಧ್ಯಾಹ್ನವೂ ನೆತ್ತಿಯಿಂದ ಬಡಗಕ್ಕೇ ಇರುತ್ತಾನೆಂದು ಯಾರಿಗೆ ಗೊತ್ತಿತ್ತು? ಮೇ ತಿಂಗಳ ಒಂದು ಬೆಳಗ್ಗೆ ಬಿಸಿಲು ಆ ಕಿಟಕಿಯಿಂದ ಓರೆಯಾಗಿ ನುಗ್ಗಿ ಮೊಸರನ್ನು ಹುಳಿ ಮಾಡಿಟ್ಟಿತ್ತು. ಅಮ್ಮ ಭೂಮಿಯ ಅಕ್ಷದ ವಿವರಣೆಯನ್ನು ಅರ್ಧ ಕೇಳಿ, ಅಪ್ಪನ ಹಳೇ ಪಂಚೆ ತಂದು ಕಿಟಕಿಗೆ ಕಟ್ಟಿದಳು.

ಗೌರಿಹಬ್ಬಕ್ಕೆ ಬಿಚ್ಚಿ ಒಗೆಯಬೇಕಂತೆ.