ತೆ ರೆರೆಂಗಾ ವೈರುವಾ: ಲೈಟ್‌ಹೌಸ್ ತನಕ ಎಲ್ಲರನ್ನೂ ಬಿಡಬೇಕಾ? (ಪರ-ವಿರೋಧ)

ನ್ಯೂಜಿಲೆಂಡಿನ ಉತ್ತರ ದ್ವೀಪದ ವಾಯವ್ಯ ತುದಿಯಲ್ಲಿ ಕೇಪ್ ರೇಯಿಂಗಾ ಎಂಬ ಭೂಶಿರ ಇದೆ. ಅಲ್ಲಿನ ಮೂಲನಿವಾಸಿಗಳಾದ ಮಾವೊರಿ ಜನ ಅದನ್ನು ತೆ ರೆರೆಂಗಾ ವೈರುವಾ ಅನ್ನುತ್ತಾರೆ. ಸತ್ತವರ ಆತ್ಮಗಳು ಈ ಲೋಕದಿಂದ ಜಿಗಿದು ಹೊರಡುವ ಜಾಗ ಅಂತ ಅರ್ಥ. ದೇಶದ 1ನೇ ನಂಬರ್ ಹೆದ್ದಾರಿ ಇಲ್ಲಿಗೆ ಬಂದು ಮುಗಿಯುತ್ತದೆ. ಅಲ್ಲಿಂದ ಒಂದು ದ್ವಾರ ದಾಟಿ ಗುಡ್ಡದ ಬೆನ್ನ ಮೇಲೆ ಇಳಿಯುತ್ತಾ ಹೋದರೆ ಒಂದು ಪುಟ್ಟ ಬಿಳಿ ಲೈಟ್‌ಹೌಸ್ ಸಿಗುತ್ತದೆ. ಅದರ ಕೆಳಗೆ ಬಂಡೆಗಳು, ಬಂಡೆಗೆ ಅಂಟಿಕೊಂಡ ಒಂದೇ ಒಂದು ಪೊಹುತುಕಾವಾ ಮರ, ಆಮೇಲೆ ಬರೀ ಕಡಲು.

ಮರದ ಹತ್ತಿರ ಪ್ರವಾಸಿಗರು ಹೋಗಬಾರದು ಅನ್ನೋದರ ಬಗ್ಗೆ ಇಲ್ಲಿ ಚರ್ಚೆ ಬೇಡ. ಅದಕ್ಕಿಂತ ಮೇಲೆ, ಲೈಟ್‌ಹೌಸ್ ತನಕದ ದಾರಿ ಎಲ್ಲರಿಗೂ ತೆರೆದಿರಬೇಕಾ, ಅಥವಾ ಪ್ರವಾಸಿಗರು ದಿಬ್ಬದ ಮೇಲೆಯೇ ನಿಂತು ನೋಡಿ ವಾಪಸ್ ಹೋಗಬೇಕಾ ಅನ್ನೋದು ನನ್ನ ಪ್ರಶ್ನೆ. ಎರಡೂ ಕಡೆಯ ಮಾತಿಗೆ ತೂಕ ಇದೆ. ಒಂದು ಕಡೆ ಜಾಸ್ತಿ ಇದೆ ಅಂತ ನನಗೆ ಅನ್ನಿಸುತ್ತದೆ. ಅದನ್ನು ಮುಚ್ಚಿಡುವುದಿಲ್ಲ.

ಪರ: ದಾರಿ ತೆರೆದೇ ಇರಲಿ

ಈ ನೆಲವನ್ನು ದೂರದಿಂದ ನೋಡಿದರೆ ಅರ್ಥ ಆಗುವುದಿಲ್ಲ. ಈ ಭೂಶಿರದ ಸುತ್ತಲಿನ ಗುಡ್ಡಗಾಡು ಒಂದು ಕಾಲಕ್ಕೆ ಉಳಿದ ನೆಲದಿಂದ ಬೇರೆಯಾಗಿದ್ದ ದ್ವೀಪ. ನಡುವಿನ ನೀರಿಗೆ ಕಡಲೇ ಮರಳು ತಂದು ಹಾಕಿತು. ಹಾಗೆ ಬೆಳೆದ ಮರಳಿನ ಪಟ್ಟಿ ದ್ವೀಪವನ್ನು ದಕ್ಷಿಣದ ನೆಲಕ್ಕೆ ಸೇರಿಸಿತು. ಇವತ್ತು ಔಪೋರಿ ಪರ್ಯಾಯ ದ್ವೀಪ ಅನ್ನೋದು ಅದನ್ನೇ. ಅದರ ಪಶ್ಚಿಮದ ಅಂಚು ಸುಮಾರು 88 ಕಿಲೋಮೀಟರ್ ಉದ್ದದ ಒಂದೇ ಕಡಲತೀರ. ಹೆಸರು ಮಾತ್ರ ನೈಂಟಿ ಮೈಲ್ ಬೀಚ್. ಮೆತ್ತನೆಯ ಮರಳಿನ ನಾಡು ಮುಗಿದು ಕಲ್ಲಿನ ನಾಡು ಶುರುವಾಗುವುದು ಕಾಲಿಗೆ ಗೊತ್ತಾಗಬೇಕು. ತುದಿಯ ತನಕ ನಡೆದವರಿಗೆ ಅದು ಗೊತ್ತಾಗುತ್ತದೆ.

ತುದಿಯಲ್ಲಿ ನಿಂತರೆ ಎಡಕ್ಕೆ ಟಾಸ್ಮನ್ ಸಮುದ್ರ, ಬಲಕ್ಕೆ ಪೆಸಿಫಿಕ್. ಎರಡೂ ಎದುರುಬದುರಾಗಿ ಬಂದು ಡಿಕ್ಕಿ ಹೊಡೆಯುತ್ತವೆ. ಕೊಲಂಬಿಯಾ ಬ್ಯಾಂಕ್ ಎಂಬ ಆಳ ಕಡಿಮೆಯಿರುವ ಜಾಗದ ಮೇಲೆ ನೀರು ಸುಳಿಯುತ್ತದೆ, ನೊರೆಗಟ್ಟುತ್ತದೆ. ಮಾವೊರಿ ಹೇಳಿಕೆಯ ಪ್ರಕಾರ ಒಂದು ಗಂಡು ಸಮುದ್ರ, ಇನ್ನೊಂದು ಹೆಣ್ಣು ಸಮುದ್ರ. ಅವು ಕೂಡುವುದು ಎಂದರೆ ಜೀವ ಹುಟ್ಟುವುದು. ಸಾವಿನ ದಾರಿ ಮುಗಿಯುವ ಕಡೆಯೇ ಜೀವದ ಮಾತೂ ಇದೆ. ಇಂಥ ಜಾಗವನ್ನು ಜನರಿಂದ ದೂರ ಇಡೋದು ಯಾಕೆ?

ಇದು ನಾವಿಕರ ಚರಿತ್ರೆಯೂ ಹೌದು. 1643ರ ಜನವರಿಯಲ್ಲಿ ಡಚ್ ನಾವಿಕ ಏಬೆಲ್ ಟಾಸ್ಮನ್ ಇಲ್ಲಿ ಹಾದುಹೋದ. ಪಕ್ಕದ ಭೂಶಿರಕ್ಕೆ ಮರಿಯಾ ವಾನ್ ಡೀಮೆನ್ ಎಂದೂ, ಎದುರಿನ ದ್ವೀಪಗಳಿಗೆ ತ್ರೀ ಕಿಂಗ್ಸ್ ಎಂದೂ ಹೆಸರಿಟ್ಟ. 1769ರ ಡಿಸೆಂಬರ್‌ನಲ್ಲಿ ಈ ಉತ್ತರದ ತುದಿಯ ನೀರಿನಲ್ಲಿ ಎರಡು ಹಡಗುಗಳು ಬಿರುಗಾಳಿಗೆ ಸಿಕ್ಕಿದ್ದವು. ಒಂದು ಜೇಮ್ಸ್ ಕುಕ್‌ನದು, ಇನ್ನೊಂದು ಫ್ರೆಂಚ್ ಕಪ್ತಾನ ಸರ್ವಿಲ್‌ನದು. ಅಷ್ಟು ಸಮೀಪದಲ್ಲಿ ಹಾದುಹೋದರೂ ಒಬ್ಬರಿಗೆ ಇನ್ನೊಬ್ಬರು ಕಾಣಲಿಲ್ಲ! 1902ರ ನವೆಂಬರ್ 9ರಂದು ಎಲಿಂಗಮೈಟ್ ಎಂಬ ಹಡಗು ತ್ರೀ ಕಿಂಗ್ಸ್ ದ್ವೀಪಗಳ ಬಂಡೆಗೆ ಬಡಿದು 45 ಜನ ಸತ್ತರು. ಇಂಥ ಕಡಲಿನ ಮುಂದೆ 1941ರಿಂದ ಈ ಲೈಟ್‌ಹೌಸ್ ಬೆಳಗುತ್ತಿದೆ. ಸಮುದ್ರಮಟ್ಟದಿಂದ 165 ಮೀಟರ್ ಎತ್ತರ, 12 ಸೆಕೆಂಡಿಗೆ ಒಂದು ಸಲ ಮಿನುಗು. ಅದರ ಬುಡದಲ್ಲಿ ನಿಂತು ಕೆಳಗಿನ ನೀರನ್ನು ನೋಡಿದವರಿಗೆ ಆ 45 ಜನರ ನೆನಪು ಬರೀ ಅಂಕಿಯಾಗಿ ಉಳಿಯುವುದಿಲ್ಲ.

ಕೊನೆಯ ಮಾತು, ನನಗೆ ಮುಖ್ಯ ಅನ್ನಿಸುವ ಮಾತು: ಗೌರವ ಕಲಿಯುವುದು ಹತ್ತಿರ ಹೋದಾಗ. ದಾರಿಯುದ್ದಕ್ಕೂ ಫಲಕಗಳಿವೆ, ಮಾವೊರಿ ಕಥೆ ಹೇಳುತ್ತವೆ. ಇಲ್ಲಿ ಏನನ್ನೂ ತಿನ್ನಬೇಡಿ, ಕುಡಿಯಬೇಡಿ ಎಂಬ ವಿನಂತಿ ಇದೆ. ಫೋಟೋಗೆ ಅಂತ ಬಂದವರು ಅದನ್ನು ಓದಿ ದನಿ ತಗ್ಗಿಸುತ್ತಾರೆ, ಕೈಲಿದ್ದ ತಿಂಡಿಯನ್ನು ಚೀಲಕ್ಕೆ ಹಾಕುತ್ತಾರೆ. 2011ರಲ್ಲಿ ತೆರೆದ ತೆ ಅರರೋವಾ ಕಾಲುದಾರಿ ಇಲ್ಲಿಂದಲೇ ಹೊರಟು ಸುಮಾರು 3,000 ಕಿಲೋಮೀಟರ್ ದೂರದ ಬ್ಲಫ್ ಊರಿಗೆ ಹೋಗುತ್ತದೆ. ಇಡೀ ದೇಶವನ್ನು ನಡೆಯಲು ಹೊರಟವರು ಮೊದಲ ಹೆಜ್ಜೆಯಲ್ಲೇ ಈ ಜಾಗಕ್ಕೆ ತಲೆಬಾಗುತ್ತಾರೆ. ಅವರನ್ನು ತಡೆದು ಯಾರಿಗೆ ಏನು ಲಾಭ?

ವಿರೋಧ: ದಿಬ್ಬದ ಮೇಲೆಯೇ ನಿಲ್ಲಲಿ

ಮೊದಲು ಆ ದಾರಿ ಯಾರದು ಅಂತ ನೋಡಬೇಕು.

ಮಾವೊರಿ ನಂಬಿಕೆಯಲ್ಲಿ ಸತ್ತವರು ದೇಶದ ಮೂಲೆಮೂಲೆಯಿಂದ ಉತ್ತರಕ್ಕೆ ನಡೆದು ಬರುತ್ತಾರೆ. ಆ ಉದ್ದನೆಯ ಕಡಲತೀರವೇ ಅವರ ರಸ್ತೆ. ಊರಿನ ಗುರುತಾಗಿ ಏನಾದರೂ ತಂದಿರುತ್ತಾರೆ. ಒಳನಾಡಿನವರಾದರೆ ಎಲೆ, ಕಡಲಂಚಿನವರಾದರೆ ಅಲ್ಲಿನ ಗಿಡ. ಅದನ್ನು ದಾರಿಯಲ್ಲಿ ಒಂದು ಕಡೆ ಇಟ್ಟು ಮುಂದೆ ಹೋಗುತ್ತಾರೆ. ಒಂದು ತೊರೆಯ ನೀರು ಅವರನ್ನು ಶುದ್ಧ ಮಾಡುತ್ತದೆ. ಆಮೇಲೆ ಭೂಶಿರದ ಮರದ ಬೇರು ಹಿಡಿದು ಕಡಲಿಗೆ ಇಳಿಯುತ್ತಾರೆ. ಆ ಮರಕ್ಕೆ 800 ವರ್ಷ ಅಂತಾರೆ, ಒಂದು ಸಲವೂ ಹೂ ಬಿಟ್ಟಿಲ್ಲ ಅಂತಲೂ ಹೇಳುತ್ತಾರೆ. ನೀರಿಗೆ ಇಳಿದ ಆತ್ಮ ಮನಾವತಾಫಿಯಲ್ಲಿ, ಅಂದರೆ ತ್ರೀ ಕಿಂಗ್ಸ್ ದ್ವೀಪಗಳಲ್ಲಿ, ಮತ್ತೆ ಮೇಲೆ ಬರುತ್ತದೆ. ಅಲ್ಲಿನ ಒಹಾವು ಎಂಬ ಶಿಖರ ಹತ್ತಿ ಬಿಟ್ಟುಬಂದ ನೆಲವನ್ನು ಕೊನೆಯ ಸಲ ತಿರುಗಿ ನೋಡುತ್ತದೆ. ಅಲ್ಲಿಂದ ಪೂರ್ವಜರ ಮೂಲನಾಡಾದ ಹವಾಯಿಕಿಗೆ.

ಇದು ಹಳೇ ಪುರಾಣ ಅಂತ ಬದಿಗಿಡುವ ಮಾತಲ್ಲ. ಇವತ್ತಿಗೂ ಮನೆಯಲ್ಲಿ ಸಾವಾದಾಗ ಮಾವೊರಿ ಕುಟುಂಬಗಳು ನೆನೆಯುವ ದಾರಿ ಇದು. ನಿನ್ನೆ ತೀರಿಕೊಂಡ ಅಜ್ಜಿ ಈಗ ಈ ದಾರಿಯಲ್ಲಿದ್ದಾಳೆ ಎಂದು ನಂಬುವವರು ಇದ್ದಾರೆ. ಅದೇ ದಾರಿಯಲ್ಲಿ ನಾವು ಸೆಲ್ಫಿ ಕೋಲು ಹಿಡಿದು ಇಳಿಯುತ್ತೇವೆ. ಕಲಿಯೋಕೆ ಬಂದಿದ್ದೇವೆ ಅಂದರೆ ಸಾಕಾ? ಬೇರೆಯವರ ಮನೆಯಲ್ಲಿ ಅಂತಿಮ ವಿದಾಯ ನಡೆಯುವಾಗ ಬಾಗಿಲಲ್ಲೇ ನಿಲ್ಲೋದು ಎಲ್ಲರಿಗೂ ಗೊತ್ತಿರುವ ನಡತೆ ಅಲ್ವಾ?

ಇನ್ನು ಲೈಟ್‌ಹೌಸಿನ ಮಾತಿಗೆ ಬರೋಣ. ಮೊದಲು ದೀಪ ಇಲ್ಲಿರಲಿಲ್ಲ. 1879ರಿಂದ ಅದು ಪಕ್ಕದ ಮೊತುವೊಪಾವೊ ಎಂಬ ಪುಟ್ಟ ದ್ವೀಪದಲ್ಲಿತ್ತು. ನಡುವಿನ ನೀರು ಒರಟು, ಸಾಮಾನು ಸಾಗಿಸೋದು ಅಪಾಯ. ಅದಕ್ಕೆ ಅಲ್ಲಿನ ಲೆನ್ಸನ್ನು ತಂದು ಈ ಭೂಶಿರದ ಮೇಲೆ ಕೂರಿಸಿದರು. ಅಂದರೆ ಇಲ್ಲಿ ದೀಪ ಬಂದದ್ದಕ್ಕೆ ಸಾಗಾಟದ ಅನುಕೂಲ ದೊಡ್ಡ ಕಾರಣ. ಕಾವಲುಗಾರರ ಕಷ್ಟ ನಿಜವಾದದ್ದು, ಅದನ್ನು ನಾನು ಸಣ್ಣದು ಮಾಡುವುದಿಲ್ಲ. ಆದರೆ 1987ರಲ್ಲಿ ದೀಪ ಸ್ವಯಂಚಾಲಿತವಾಯಿತು, ಕಾವಲುಗಾರರೂ ಹೋದರು. ನಾವಿಕರಿಗೆ ಬೇಕಾದ್ದು ಬೆಳಕು. ಅದರ ಬುಡದಲ್ಲಿ ಜನಜಂಗುಳಿ ಇರಬೇಕು ಅಂತ ಯಾವ ನಾವಿಕನೂ ಕೇಳುವುದಿಲ್ಲ. ಎಲಿಂಗಮೈಟ್‌ನಲ್ಲಿ ಸತ್ತವರನ್ನು ನೆನೆಯಬೇಕಾದರೆ ಅವರು ಸತ್ತ ದ್ವೀಪಗಳು ದಿಬ್ಬದ ಮೇಲಿಂದಲೂ ಅದೇ ದಿಕ್ಕಿನಲ್ಲಿವೆ.

ಫಲಕ ಹಾಕಿದರೆ ಜನ ತಿಳಿದುಕೊಳ್ಳುತ್ತಾರೆ ಅನ್ನೋದು ಒಳ್ಳೆಯ ಮನಸ್ಸಿನ ಮಾತು. ಆದರೆ ಆಸ್ಟ್ರೇಲಿಯಾದ ಉಲುರು ಬಂಡೆಯನ್ನು ನೋಡಿ. ದಯವಿಟ್ಟು ಹತ್ತಬೇಡಿ ಎಂದು ಅಲ್ಲಿನ ಮೂಲನಿವಾಸಿಗಳಾದ ಅನಂಗು ಜನ ಹತ್ತಾರು ವರ್ಷ ಕೇಳಿಕೊಂಡರು. ಬಂಡೆಯ ಬುಡದಲ್ಲೇ ಫಲಕ ಇತ್ತು. ಜನ ಅದನ್ನು ದಾಟಿಕೊಂಡೇ ಹತ್ತಿದರು. ಕೊನೆಗೆ 2019ರ ಅಕ್ಟೋಬರ್ 26ರಿಂದ ಹತ್ತುವುದನ್ನು ಪೂರ್ತಿ ನಿಲ್ಲಿಸಬೇಕಾಯಿತು. ನಿಲ್ಲುತ್ತದೆ ಅಂತ ಗೊತ್ತಾದ ಮೇಲೆ ಕೊನೆಯ ವಾರಗಳಲ್ಲಿ ಇನ್ನೂ ಜಾಸ್ತಿ ಜನ ನುಗ್ಗಿದರು. ವಿನಂತಿಯ ಶಕ್ತಿ ಅಷ್ಟೇ.

ಊಟದ ವಿಷಯವೂ ಹೀಗೇ. ಮಾವೊರಿ ಪದ್ಧತಿಯಲ್ಲಿ ಬೇಯಿಸಿದ ಆಹಾರ ಒಂದು ಜಾಗದ ತಪುವನ್ನು, ಅಂದರೆ ಅದರ ಪವಿತ್ರ ನಿರ್ಬಂಧವನ್ನು, ಕಳೆದುಬಿಡುತ್ತದೆ. ಓದದೆ ಇಳಿದ ಒಬ್ಬರು ಬುತ್ತಿ ಬಿಚ್ಚಿದರೆ ಸಾಕು, ಉಳಿದವರೆಲ್ಲ ಎಷ್ಟು ಗೌರವದಿಂದ ನಡೆದುಕೊಂಡರೂ ನೋವಾಗುವವರಿಗೆ ನೋವಾಗುತ್ತದೆ.

2010ರ ತನಕ ಕೊನೆಯ 19 ಕಿಲೋಮೀಟರ್ ಮಣ್ಣುರಸ್ತೆ ಇತ್ತು. ಧೂಳು, ಜಲ್ಲಿ, ಕುಲುಕಾಟ. ಅಷ್ಟು ಕಷ್ಟ ಪಟ್ಟು ಬರುವವನಿಗೆ ಬರೋದಕ್ಕೆ ಒಂದು ಕಾರಣ ಇರುತ್ತಿತ್ತು. ಡಾಂಬರು ಬಿದ್ದ ಮೇಲೆ ಸುಮ್ನೆ ಬಂದು ಸುಮ್ನೆ ಹೋಗೋದು ಸುಲಭವಾಯಿತು. ರಸ್ತೆಯ ಕಷ್ಟ ಮೊದಲು ತಾನಾಗಿ ಮಾಡುತ್ತಿದ್ದ ಕಾವಲನ್ನು ಈಗ ನಿಯಮ ಮಾಡಬೇಕು.

ಇಲ್ಲಿ ಮನುಷ್ಯರು ಮುಟ್ಟಿದ್ದಕ್ಕೆ ಏನಾಗುತ್ತದೆ ಅನ್ನೋದಕ್ಕೆ ಎದುರಿನ ದ್ವೀಪವೇ ಸಾಕ್ಷಿ. ತ್ರೀ ಕಿಂಗ್ಸ್‌ನ ದೊಡ್ಡ ದ್ವೀಪಕ್ಕೆ ಯಾರೋ ಆಡು ಬಿಟ್ಟಿದ್ದರು. 1945ರಲ್ಲಿ ಜೆಫ್ ಬೇಲಿಸ್ ಎಂಬ ಸಸ್ಯವಿಜ್ಞಾನಿ ಅಲ್ಲಿ ಒಂದು ಮರ ಕಂಡರು. ಆ ಜಾತಿಯಲ್ಲಿ ಜಗತ್ತಿಗೆ ಉಳಿದಿದ್ದ ಒಂದೇ ಮರ ಅದು. ಮರುವರ್ಷ ಆಡುಗಳನ್ನು ತೆಗೆದುಹಾಕಿದರು. ಆ ಒಂದು ಮರದಿಂದ ಸಸಿ ಮಾಡಿ ಬೆಳೆಸುವ ಕೆಲಸ ದಶಕಗಳ ಕಾಲ ನಡೆಯಿತು. ಈ ಭಾಗದ ಮಾವೊರಿ ಬುಡಕಟ್ಟಾದ ನ್ಗಾತಿ ಕೂರಿ ಜನರಿಗೆ ಅದು ತಮ್ಮ ಮರ. ಪ್ರವಾಸಿ ಆಡಿನಂತೆ ಅಂತ ನಾನು ಹೇಳುತ್ತಿಲ್ಲ. ಆದರೆ ಗಾಳಿ ಉಪ್ಪು ತಿಂದು ಬದುಕುವ ತೆಳ್ಳನೆಯ ಮಣ್ಣು, ಒಂದೊಂದೇ ಉಳಿದ ಜೀವ, ಇಂಥ ಕಡೆ ಕೆಡಿಸಲು ಕೆಟ್ಟ ಮನಸ್ಸು ಬೇಕಾಗುವುದಿಲ್ಲ.

ಪರ ವಾದದಲ್ಲಿ ಒಂದು ಮಾತನ್ನು ನಾನು ಒಪ್ಪುತ್ತೇನೆ. ನೆಲ ಕಾಲಿಗೆ ಗೊತ್ತಾಗಬೇಕು ಅನ್ನೋದು ನಿಜ. ಆದರೆ ಅದಕ್ಕೆ ಈ ಕೊನೆಯ ತುಂಡೇ ಬೇಕಿಲ್ಲ. ಕೇಪ್ ಮರಿಯಾ ವಾನ್ ಡೀಮೆನ್ ಕಡೆಗೆ ಕರಾವಳಿಯ ಕಾಲುದಾರಿ ಇದೆ. ತೆ ಪಾಕಿಯಲ್ಲಿ ಗುಡ್ಡದಷ್ಟು ಎತ್ತರದ ಮರಳು ದಿಬ್ಬಗಳಿವೆ. ಮರಳು ಮತ್ತು ಕಲ್ಲು ಸೇರುವ ಚೋದ್ಯ ಅಲ್ಲಿಯೂ ಪೂರ್ತಿ ಸಿಗುತ್ತದೆ. ಎರಡು ಸಮುದ್ರ ಸೇರುವುದು ದಾರಿಯ ಮೇಲಿನ ಭಾಗದಿಂದಲೇ ಕಾಣುತ್ತದೆ. ಎತ್ತರ ಜಾಸ್ತಿ ಇರೋದರಿಂದ ನೋಟವೂ ಅಗಲ.

ಈ ಭಾಗದ ಮಾವೊರಿ ಬುಡಕಟ್ಟುಗಳು ಸರಕಾರದ ಜೊತೆ ವರ್ಷಗಟ್ಟಲೆ ಮಾತಾಡಿ ತಮ್ಮ ಹಕ್ಕನ್ನು ಕಾನೂನಿಗೆ ತಂದವರು. ನ್ಗಾತಿ ಕೂರಿ ಜನರ ಕಾಯಿದೆ 2015ರಲ್ಲಿ ಬಂತು. ಹಾಗಾಗಿ ಗೆರೆ ಎಲ್ಲಿ ಎಳೆಯಬೇಕು, ಯಾವ ದಿನ ಯಾರನ್ನು ಬಿಡಬೇಕು ಎಂದು ಅವರೇ ಹೇಳಲಿ. ವರ್ಷವಿಡೀ ಮುಚ್ಚುತ್ತಾರೋ, ಸಾವಿನ ದಿನಗಳಲ್ಲಿ ಮಾತ್ರ ಮುಚ್ಚುತ್ತಾರೋ, ತಾವೇ ಜೊತೆಗೆ ಬಂದು ಕರೆದುಕೊಂಡು ಹೋಗುತ್ತಾರೋ, ಅದು ಅವರ ತೀರ್ಮಾನ. ಅಲ್ಲಿಯ ತನಕ ದ್ವಾರದಿಂದ ಸ್ವಲ್ಪ ಮುಂದೆ, ಲೈಟ್‌ಹೌಸ್ ಕಾಣುವ ಮೊದಲ ತಿರುವಿನಲ್ಲಿ ಒಂದು ಕಟ್ಟೆ ಕಟ್ಟಿ, ಪ್ರವಾಸಿಗರ ದಾರಿಯನ್ನು ಅಲ್ಲಿಗೇ ಮುಗಿಸಲಿ.