ಗೋಬಿ ಮಂಚೂರಿ ಮತ್ತು ಐದು ಕೆಜಿ ಜೋಳದ ಹಿಟ್ಟು

ಹಾಲಿನ ಲೆಕ್ಕ ನೋಡಲು ಕ್ಯಾಲೆಂಡರ್ ತಿರುವುತ್ತಿದ್ದೆ. ಶನಿವಾರದ ಚೌಕಗಳಲ್ಲೆಲ್ಲ ಪೆನ್ಸಿಲ್‌ನಲ್ಲಿ ‘ಗೋ’ ಅಂತ ಬರೆದಿತ್ತು. ಅಮ್ಮನನ್ನು ಕೇಳಿದೆ. ‘ಗೋಪೂಜೆ ಇರ್ಬೇಕು. ನಿನ್ನ ಹೆಂಡ್ತಿ ಏನೋ ವ್ರತ ಹಿಡಿದಿದಾಳೆ ಅಂತ ನಾನೂ ಸುಮ್ನಿದ್ದೆ’ ಅಂದಳು. ಬರೆದದ್ದು ಹೆಂಡತಿಯಲ್ಲ, ಆರನೇ ಕ್ಲಾಸಿನ ಮಗಳು. ‘ಗೋ’ ಅಂದರೆ ಗೋಬಿ.

ವ್ರತ ಅನ್ನುವುದೇನೋ ನಿಜವೇ. ಪ್ರತಿ ಶನಿವಾರ ಸಂಜೆ ಏಳಕ್ಕೆ ನಾನು ಶಿವಮೊಗ್ಗದ ವಿನೋಬನಗರದ ಗಾಡಿಯ ಮುಂದೆ ನಿಲ್ಲಬೇಕು. ಎರಡು ಗೋಬಿ ಮಂಚೂರಿ, ಒಂದು ನೂಡಲ್ಸ್, ಒಂದು ಫ್ರೈಡ್ ರೈಸ್, ಎಲ್ಲ ಪಾರ್ಸೆಲ್. 320 ರೂಪಾಯಿ. ಅವತ್ತು ಕೈಯಲ್ಲಿ ಪೆನ್ನು ಬೇರೆ ಇತ್ತು. 320ನ್ನು 52ರಿಂದ ಗುಣಿಸಿದೆ. 16,640 ಬಂತು.

‘ವರ್ಷಕ್ಕೆ 16,640 ರೂಪಾಯಿ ಗೋಬಿ ತಿಂತೀವಿ ಕಣೆ. ಈ ದುಡ್ಡಲ್ಲಿ ಒಂದು ಫ್ರಿಜ್ ಬರುತ್ತೆ’ ಅಂದೆ.

‘ಫ್ರಿಜ್ ಇದೆಯಲ್ಲ’ ಅಂದಳು ಹೆಂಡತಿ.

ಅವಳಿಗೆ ಲೆಕ್ಕ ಅರ್ಥವಾಗುವುದಿಲ್ಲ. ಮನೆಯಲ್ಲೇ ಮಾಡಿದರೆ ಒಂದು ಹೂಕೋಸು 40, ಕ್ಯಾಬೇಜ್, ಕ್ಯಾರೆಟ್, ದೊಣ್ಣೆಮೆಣಸು ಎಲ್ಲ ಸೇರಿ 50, ನೂಡಲ್ಸ್ ಪೊಟ್ಟಣ 30. ಅಕ್ಕಿ ಊರಿನದು, ಪುಕ್ಕಟೆ. ಒಟ್ಟು 120. ವಾರಕ್ಕೆ 200 ರೂಪಾಯಿ ಉಳಿತಾಯ. ಎಣ್ಣೆ ಮತ್ತು ಗ್ಯಾಸ್ ನಾನು ಲೆಕ್ಕಕ್ಕೆ ಹಿಡಿಯಲಿಲ್ಲ. ಅವು ಹೇಗೂ ಮನೆಯಲ್ಲಿ ಇರುತ್ತವಲ್ಲ.

ಮೊದಲು ಬಾಣಲೆ. ನಮ್ಮನೆಯದು ತಳ ಚಪ್ಪಟೆಯಾದ ನಾನ್‌ಸ್ಟಿಕ್. ಗಾಡಿಯವನ ಹತ್ತಿರ ಇರುವುದು ಕಪ್ಪಗೆ ಮಿರಿಮಿರಿ ಮಿಂಚುವ ಕಬ್ಬಿಣದ್ದು. ಗಾಂಧಿ ಬಜಾರಿಗೆ ಹೋಗಿ ಅಂಥದ್ದೇ ಆರಿಸಿದೆ. ಅಂಗಡಿಯವರು ತೂಕಕ್ಕೆ ಹಾಕುತ್ತಾ ‘ಮನೇಲಿ ಏನಾದ್ರೂ ಕಾರ್ಯ ಇದೆಯಾ ಸಾರ್?’ ಅಂತ ಕೇಳಿದರು. 850 ರೂಪಾಯಿ. ಸೋಯಾ ಸಾಸ್, ಕೆಂಪು ಚಿಲ್ಲಿ ಸಾಸ್, ಹಸಿರು ಚಿಲ್ಲಿ ಸಾಸ್, ಟೊಮೆಟೊ ಸಾಸ್, ವಿನೆಗರ್ ಸೇರಿ 430. ಮನೆಗೆ ಬಂದು ಕೂಡಿಸಿದರೆ ಸರಿಯಾಗಿ 1,280. ಅಂದರೆ ನಾಲ್ಕು ಶನಿವಾರದ ಗೋಬಿಯ ದುಡ್ಡು, ಒಂದು ಪೈಸೆ ಆಚೆ ಈಚೆ ಇಲ್ಲ. ಇದು ಖರ್ಚಲ್ಲ, ಬಂಡವಾಳ ಅಂತ ಬೇರೆ ಹಾಳೆಯಲ್ಲಿ ಬರೆದಿಟ್ಟೆ.

ಕಾರ್ನ್ ಫ್ಲೋರ್ ಒಂದು ಮರೆತುಹೋಗಿತ್ತು. ಅವತ್ತೇ ಶಿಕಾರಿಪುರದಿಂದ ಬಾವಮೈದ ಫೋನ್ ಮಾಡಿದ್ದ. ಮಾತಿಗೆ ಮಾತು ಬಂದು, ನಾನು ಸುಮ್ನಿರದೆ ‘ಜೋಳದ ಹಿಟ್ಟು ತರೋದು ಮರ್ತೆ ಮಾರಾಯ’ ಅಂದುಬಿಟ್ಟೆ.

‘ಬಾವ, ಜೋಳದ ಹಿಟ್ಟಿಗೆ ಯಾರಾದ್ರೂ ದುಡ್ಡು ಕೊಡ್ತಾರಾ? ಅಂಗಳದ ತುಂಬ ಜೋಳ ಬಿದ್ದಿದೆ. ಬೆಳಗ್ಗೆ ಬಸ್ಸಿಗೆ ಹಾಕ್ತೀನಿ, ಇಸ್ಕೊಳ್ಳಿ.’

ಆ ಕಡೆ ಜೋಳ ಅಂದರೆ ಮೆಕ್ಕೆಜೋಳವೇ. ಬೆಳಗ್ಗೆ ಮಳೆಯಲ್ಲಿ ನೆನೆಯುತ್ತಾ ಖಾಸಗಿ ಬಸ್ ಸ್ಟ್ಯಾಂಡಿಗೆ ಹೋದೆ. ಕಂಡಕ್ಟರ್ ಡ್ರೈವರ್ ಸೀಟಿನ ಹಿಂದಿನಿಂದ ಒಂದು ಗೊಬ್ಬರದ ಚೀಲ ಎಳೆದು ಕೊಟ್ಟ. ಬಾಯಿಗೆ ಬಾಳೆಪಟ್ಟೆಯ ಹಗ್ಗ. ಐದು ಕೆಜಿ, ಗಿರಣಿಯಿಂದ ಆಗಷ್ಟೇ ಬಂದದ್ದು, ಇನ್ನೂ ಬೆಚ್ಚಗಿತ್ತು. ಅವನ ಕೈಗೆ 50 ರೂಪಾಯಿ ಇಟ್ಟೆ. ಅಂಗಡಿಯಲ್ಲಿ ಕಾರ್ನ್ ಫ್ಲೋರ್ 30 ರೂಪಾಯಿಗೆ ಸಿಗುತ್ತದೆ ಅಂತ ಗೊತ್ತಾಗಿದ್ದು ಆಮೇಲೆ.

ಅಂಗಡಿಯ ಕಾರ್ನ್ ಫ್ಲೋರ್ ಹಿಟ್ಟಲ್ಲ, ಗಂಜಿಪುಡಿ ಅಂತ ಗೊತ್ತಾಗಿದ್ದು ಇನ್ನೂ ಆಮೇಲೆ. ಮೆಕ್ಕೆಜೋಳದ ಸಿಪ್ಪೆ, ಮೊಳಕೆಯ ಭಾಗ ಎಲ್ಲ ಬಿಟ್ಟು ಬರೀ ಪಿಷ್ಟ ತೆಗೆದಿರುತ್ತಾರೆ. ಅದಕ್ಕೇ ಅದು ಬೆಳ್ಳಗೆ, ಮುಟ್ಟಿದರೆ ಟಾಲ್ಕಂ ಪೌಡರ್ ಹಾಗೆ ನುಣ್ಣಗಿರುತ್ತದೆ. ನಮ್ಮದು ಹಳದಿ. ಮುಟ್ಟಿದರೆ ಸಣ್ಣ ರವೆ.

ಶನಿವಾರ ಬಂತು. ಪುನರ್ವಸು ಮಳೆ ಹಿಡಿದು ಮೂರು ದಿನ ಆಗಿತ್ತು. ಕಿಟಕಿಗಳೆಲ್ಲ ಭದ್ರ. ಹೂಕೋಸು ಬಿಡಿಸಿ ಉಪ್ಪು, ಅರಿಶಿನ ಹಾಕಿದ ಬಿಸಿನೀರಿನಲ್ಲಿ ಮುಳುಗಿಸಿ, ಹುಳ ಮೇಲೆ ಬರುವುದನ್ನೇ ಕಾಯುತ್ತಾ ನಾಲ್ಕೂ ಜನ ಪಾತ್ರೆ ಸುತ್ತ ನಿಂತೆವು.

‘ಅಪ್ಪಾ, ಇದನ್ನ ಚೀನಾದಲ್ಲಿ ದಿನಾ ತಿಂತಾರಾ?’ ಅಂತ ಮಗಳು ಕೇಳಿದಳು.

ಹಿಂದಿನ ರಾತ್ರಿ ಅಷ್ಟೂ ಓದಿಕೊಂಡಿದ್ದೆ. ಚೀನಾದ ಈಶಾನ್ಯಕ್ಕೆ ಮಂಚೂರಿಯ ಅಂತ ಸೀಮೆ ಇರುವುದೇನೋ ಹೌದು. ಆದರೆ ಅಲ್ಲಿಗೆ ಹೋಗಿ ಮಂಚೂರಿ ಕೇಳಿದರೆ ಯಾರಿಗೂ ತಿಳಿಯುವುದಿಲ್ಲ. 1975ರಲ್ಲಿ ಮುಂಬೈಯ ಕ್ರಿಕೆಟ್ ಕ್ಲಬ್ ಆಫ್ ಇಂಡಿಯಾದ ಅಡುಗೆಮನೆಯಲ್ಲಿ ಇದನ್ನು ಮೊದಲು ಮಾಡಿದವರು ನೆಲ್ಸನ್ ವಾಂಗ್ ಅನ್ನುತ್ತಾರೆ. ಚೀನೀ ಮೂಲದವರು, ಆದರೆ ಹುಟ್ಟಿದ್ದು ಕಲ್ಕತ್ತೆಯಲ್ಲಿ. ಏನಾದರೂ ಹೊಸದು ಮಾಡಿ ಅಂತ ಗಿರಾಕಿ ಕೇಳಿದರಂತೆ. ಶುಂಠಿ, ಬೆಳ್ಳುಳ್ಳಿ, ಹಸಿಮೆಣಸು ಹುರಿದು, ಗರಂ ಮಸಾಲೆ ಬೀಳಬೇಕಾದ ಜಾಗಕ್ಕೆ ಸೋಯಾ ಸಾಸ್ ಸುರಿದರಂತೆ. ಅದು ಕೋಳಿಯದ್ದು. ಕೋಳಿಯ ಜಾಗಕ್ಕೆ ಹೂಕೋಸು ಆಮೇಲೆ ಬಂತು.

‘ಹಾಗಾದ್ರೆ ಒಗ್ಗರಣೆ ನಮ್ದೇ ಆಯ್ತಲ್ಲ’ ಅಂದಳು ಅಮ್ಮ. ಹುಳ ಬರಲಿಲ್ಲ. ಬರಲಿಲ್ಲ ಅಂದರೆ ಇಲ್ಲ ಅಂತಲೋ, ಒಳಗೇ ಇದೆ ಅಂತಲೋ? ಅದರ ಬಗ್ಗೆ ಯಾರೂ ಮಾತಾಡಲಿಲ್ಲ.

ಕರಿಯುವ ಕೆಲಸ ನನ್ನದು. ಮೈದಾಕ್ಕೆ ಬಾವಮೈದನ ಹಿಟ್ಟು ಸೇರಿಸಿ ಕಲಸಿ, ಗೋಬಿ ಅದ್ದಿ ಎಣ್ಣೆಗೆ ಬಿಟ್ಟೆ. ಹತ್ತು ಸೆಕೆಂಡ್ ಎಲ್ಲ ಸರಿಯಿತ್ತು. ಆಮೇಲೆ ಗೋಬಿ ಒಂದು ಕಡೆ, ಹಿಟ್ಟು ಒಂದು ಕಡೆ. ಅಂಗಿ ಬಿಚ್ಚಿಟ್ಟು ತುಂಗೆಗೆ ಹಾರಿದ ಹುಡುಗರ ಹಾಗೆ ಗೋಬಿ ಬರಿಮೈಯಲ್ಲಿ ತೇಲತೊಡಗಿತು. ಜಾಲರಿ ಸೌಟಿನಲ್ಲಿ ಎತ್ತಿದರೆ ಅರ್ಧ ಬೂಂದಿಕಾಳಿನಂಥ ಹಿಟ್ಟು, ಅರ್ಧ ಹೂಕೋಸು. ಅಮ್ಮ ಕೆಳಗೆ ಉಳಿದ ಹಿಟ್ಟಿನ ಚೂರು ಬಾಯಿಗೆ ಹಾಕಿಕೊಂಡು ‘ಇದು ಚೆನ್ನಾಗಿದೆ. ಆ ಹೂಕೋಸು ಹಾಕದೇ ಇದ್ರೂ ಆಗ್ತಿತ್ತು’ ಅಂದಳು.

ಬಣ್ಣದ ವಿಷಯ ಬೇರೆ. ಮಗಳಿಗೆ ಕೆಂಪು ಬೇಕು. ಗಾಡಿಯವನ ಗೋಬಿಯೂ ಈಗ ಮೊದಲಿನಷ್ಟು ಕೆಂಪಿಲ್ಲ. 2024ರ ಮಾರ್ಚ್‌ನಲ್ಲಿ ಸರ್ಕಾರ ಗೋಬಿಗೆ ಕೃತಕ ಬಣ್ಣ ಹಾಕಬಾರದು ಅಂತ ಆದೇಶ ಮಾಡಿತಲ್ಲ, ಅವತ್ತಿನಿಂದ ಅವನದು ಸ್ವಲ್ಪ ಮಂಕು. ನಾನು ಬುದ್ಧಿವಂತಿಕೆ ಮಾಡಿ ಬೀಟ್‌ರೂಟ್ ತುರಿದು ರಸ ಹಿಂಡಿ ಹಿಟ್ಟಿಗೆ ಹಾಕಿದ್ದೆ. ಕಲಸುವಾಗ ಮದುವೆ ಸೀರೆಯ ಬಣ್ಣ. ಎಣ್ಣೆಗೆ ಬಿದ್ದದ್ದೇ ತಡ, ಗುಡ್ಡದ ಮಣ್ಣಿನ ಬಣ್ಣ. ಬೀಟ್‌ರೂಟಿನ ಬಣ್ಣ ಕಾದ ಎಣ್ಣೆ ತಡೆಯುವುದಿಲ್ಲವಂತೆ. ನನ್ನ ಬನಿಯನ್ ಮೇಲೆ ಮಾತ್ರ ಇವತ್ತಿಗೂ ತಡೆದುಕೊಂಡಿದೆ.

ಇನ್ನು ಸಾಸ್‌ನಲ್ಲಿ ಹುರಿಯುವುದು. ಉರಿ ಜೋರಾಗಿರಬೇಕು ಅಂತ ಎಲ್ಲ ವಿಡಿಯೋಗಳಲ್ಲೂ ಹೇಳುತ್ತಾರೆ. ಜೋರು ಮಾಡಿದೆ. ಹಸಿಮೆಣಸಿನಕಾಯಿ ಮುಗಿದಿತ್ತು. ಊರಿಂದ ತಂದ ಸೂಜಿಮೆಣಸು ಒಂದು ಹಿಡಿ ಇತ್ತು. ಸಣ್ಣದಲ್ವಾ ಅಂತ ಅಷ್ಟನ್ನೂ ಕೊಚ್ಚಿ ಹೊಗೆಯಾಡುವ ಎಣ್ಣೆಗೆ ಹಾಕಿದೆ.

ಮೊದಲು ಕೆಮ್ಮಿದ್ದು ನಾನು. ಆಮೇಲೆ ಹೆಂಡತಿ, ಮಗಳು. ಅಮ್ಮ ಸೆರಗು ಮೂಗಿಗೆ ಒತ್ತಿಕೊಂಡು ದೇವರ ಮನೆಗೆ ಓಡಿದಳು. ಕಿಟಕಿ ತೆಗೆಯೋಣ ಅಂದರೆ ಮಳೆಗೆ ಉಬ್ಬಿ ಕಚ್ಚಿಕೊಂಡಿತ್ತು. ಬಾಗಿಲು ತೆಗೆದೆವು. ಘಾಟು ಮೆಟ್ಟಿಲಿಳಿದು ಕೆಳಗಿನ ಮನೆಗೆ ಹೋಯಿತು. ಎರಡೇ ನಿಮಿಷಕ್ಕೆ ಓನರ್ ಹೆಂಡತಿ ಕಣ್ಣೊರೆಸಿಕೊಳ್ಳುತ್ತಾ ಮೇಲೆ ಬಂದರು.

‘ಯಾರಿಗೆ ದೃಷ್ಟಿ ತೆಗೀತಿದೀರಿ? ಮಗೂಗಾ?’

ದೃಷ್ಟಿ ತೆಗೆದು ಒಲೆಗೆ ಹಾಕಿದ ಮೆಣಸಿನಕಾಯಿ ಘಾಟು ಬಂದರೆ ದೃಷ್ಟಿ ಆಗಿಲ್ಲ ಅಂತ ಲೆಕ್ಕ. ‘ಏನೂ ಆಗಿಲ್ಲ ಬಿಡಿ. ಇಷ್ಟು ಘಾಟು ನಾನು ಕಂಡೇ ಇಲ್ಲ. ಮಗು ಮೇಲೆ ಯಾರ ಕಣ್ಣೂ ಬಿದ್ದಿಲ್ಲ’ ಅಂತ ಸಮಾಧಾನ ಹೇಳಿ ಹೋದರು. ಗೋಬಿ ಅಂತ ಹೇಳಲು ನಮಗೆ ಯಾರಿಗೂ ಬಾಯಿ ಬರಲಿಲ್ಲ.

ಫ್ರೈಡ್ ರೈಸ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಅನ್ನ ಹಿಂದಿನ ದಿನದ್ದಾದರೆ ಉದುರುದುರಾಗುತ್ತದೆ ಅಂತ ಗೊತ್ತಿತ್ತು. ಆದರೆ ನಮ್ಮನೆಯಲ್ಲಿ ಹಿಂದಿನ ದಿನದ ಅನ್ನ ಬೆಳಗ್ಗೆಯೇ ಚಿತ್ರಾನ್ನ ಆಗಿರುತ್ತದೆ. ಬಿಸಿ ಅನ್ನ ಹಾಕಿದೆ. ಗಾಡಿಯವನ ಹಾಗೆ ಬಾಣಲೆ ಎತ್ತಿ ಒಂದು ಸಲ ಹಾರಿಸಿದೆ. ಮೂರು ಕೆಜಿ ಕಬ್ಬಿಣ, ನನ್ನ ಮಣಿಕಟ್ಟು. ಒಂದು ಪಾಲು ಬಾಣಲೆಗೇ ಬಿತ್ತು. ಉಳಿದದ್ದು ಗ್ಯಾಸ್ ಒಲೆಗೆ, ಮಿಕ್ಸಿಗೆ, ನೆಲಕ್ಕೆ ಮಂತ್ರಾಕ್ಷತೆ ಹಾಕಿದ ಹಾಗೆ ಬಿತ್ತು. ಮಗಳು ಬಗ್ಗಿ ನಮಸ್ಕಾರ ಮಾಡಿದಳು.

ಬಾಣಲೆಯಲ್ಲಿ ಉಳಿದದ್ದಕ್ಕೆ ತರಕಾರಿ ಸೇರಿಸಿದೆ. ಅಷ್ಟೂ ಒಟ್ಟಿಗೆ. ಬಾಣಲೆ ಒಮ್ಮೆಲೇ ತಣ್ಣಗಾಗಿ, ಕ್ಯಾಬೇಜು ನೀರು ಬಿಟ್ಟುಕೊಂಡು, ಹುರಿಯಬೇಕಾದದ್ದು ಬೇಯತೊಡಗಿತು. ರಾತ್ರಿ ಹತ್ತು ಗಂಟೆಗೆ ಊಟಕ್ಕೆ ಕೂತೆವು. ಅಮ್ಮ ಎರಡು ತುತ್ತು ತಿಂದು ಹೇಳಿದಳು:

‘ಪಲ್ಯ ಪರವಾಗಿಲ್ಲ. ಕಾಯಿತುರಿ ಹಾಕಿದ್ರೆ ಇನ್ನೂ ಚೆನ್ನಾಗಿರ್ತಿತ್ತು.’

ಇಷ್ಟಕ್ಕೇ ಮುಗಿದಿದ್ದರೆ ಬರೆಯುತ್ತಿರಲಿಲ್ಲ. ಆ ಗಡಿಬಿಡಿಯಲ್ಲಿ ಸೋಯಾ ಸಾಸ್ ಬಾಟಲಿಯ ಮುಚ್ಚಳ ಒಡೆದಿತ್ತು. ನಾನು ಅಚ್ಚುಕಟ್ಟಿನ ಮನುಷ್ಯ. ಸಿಂಕಿನ ಪಕ್ಕ ತೊಳೆದಿಟ್ಟ ಗಾಜಿನ ಬಾಟಲಿಗೆ ಬಗ್ಗಿಸಿ, ತುಪ್ಪದ ಪಕ್ಕ ಇಟ್ಟು ಮಲಗಿದೆ. ಅದು ಜೋನಿಬೆಲ್ಲದ, ಅಂದರೆ ನೀರಾಗಿರುವ ಬೆಲ್ಲದ, ಬಾಟಲಿ.

ಭಾನುವಾರ ಬೆಳಗ್ಗೆ ಸಾಗರದಿಂದ ಸೋದರಮಾವ ಬಂದರು. ಮರುದಿನ ಕಣ್ಣಿನ ಡಾಕ್ಟರಿಗೆ ತೋರಿಸಬೇಕಿತ್ತು, ಪೊರೆ ಬಂದಿದೆ. ದೋಸೆ ಹಾಕಿದ್ದಳು ಹೆಂಡತಿ. ಮಾವನಿಗೆ ದೋಸೆಗೆ ಚಟ್ನಿ ಗಿಟ್ನಿ ಏನೂ ಬೇಡ, ಜೋನಿಬೆಲ್ಲ, ತುಪ್ಪ ಸಾಕು. ತಾವೇ ಬಾಟಲಿ ಎತ್ತಿಕೊಂಡರು. ದೋಸೆಯ ನಡುವೆ ಧಾರಾಳವಾಗಿ ಸುರಿದರು. ಮೇಲೆ ಎರಡು ಚಮಚ ತುಪ್ಪ. ‘ಈ ಸಲ ಬೆಲ್ಲ ತೆಳ್ಳಗಿದೆಯಲ್ಲೋ’ ಅಂದರು. ನಾನು ಪೇಪರ್ ಓದುತ್ತಿದ್ದೆ. ‘ಹೂಂ’ ಅಂದೆ.

ಮಡಚಿ ಬಾಯಿಗಿಟ್ಟರು. ಸ್ವಲ್ಪ ಹೊತ್ತು ಜಗಿಯಲಿಲ್ಲ. ಕಣ್ಣು ಅಗಲವಾಯಿತು, ಪೊರೆ ಇದ್ದದ್ದೂ ಹೋಯಿತೇನೋ ಅನ್ನುವಷ್ಟು. ಆದರೆ ಹಳೇ ಕಾಲದವರು, ಎಲೆಯ ಮೇಲೆ ಉಗುಳುವವರಲ್ಲ. ನುಂಗಿದರು. ನುಂಗಿ, ಒಂದು ತಂಬಿಗೆ ನೀರು ಕುಡಿದು, ನಿಧಾನವಾಗಿ ಕೇಳಿದರು:

‘ಈ ಜೋನಿ ಯಾರ ಆಲೆಮನೆಯದೋ? ಕೊಪ್ಪರಿಗೆಗೆ ಉಪ್ಪಿನ ಮೂಟೆ ಬಿದ್ದಿತ್ತಾ?’

ಸೋಯಾ ಸಾಸ್‌ನಲ್ಲಿ ನೂರಕ್ಕೆ ಸುಮಾರು 15 ಭಾಗ ಬರೀ ಉಪ್ಪೇ ಇರುತ್ತದೆ. ಸೋಯಾ ಕಾಳು, ಗೋಧಿ ಸೇರಿಸಿ ಉಪ್ಪುನೀರಿನಲ್ಲಿ ತಿಂಗಳುಗಟ್ಟಲೆ ಹುಳಿ ಬರಿಸುವುದು, ಉಪ್ಪಿಲ್ಲದಿದ್ದರೆ ಕೆಟ್ಟುಹೋಗುತ್ತದೆ ಅಂತೆಲ್ಲ ಮಾವನಿಗೆ ವಿವರಿಸಿದೆ. ‘ಕಾಳು ಕೊಳೆಸಿದ್ದಾ?’ ಅಂತ ಒಂದೇ ಮಾತು ಕೇಳಿದರು. ಮಧ್ಯಾಹ್ನದ ಹೊತ್ತಿಗೆ ಸುದ್ದಿ ಸಾಗರ ಮುಟ್ಟಿತ್ತು. ಅಕ್ಕ ಫೋನ್ ಮಾಡಿ ‘ಮಾವನಿಗೆ ಏನೋ ಕೊಳೆತದ್ದು ಹಾಕಿದ್ರಂತೆ?’ ಅಂದಳು. ಸೋಮವಾರ ಡಾಕ್ಟರ ಹತ್ತಿರ ಬಿಪಿ ಜಾಸ್ತಿ ಬಂತು. ಅದಕ್ಕೂ ದೋಸೆಗೂ ಸಂಬಂಧ ಇಲ್ಲ ಅಂತ ನಾನು ಈಗಲೂ ವಾದಿಸುತ್ತೇನೆ.

ಆಮೇಲೆ ಮೂರು ಶನಿವಾರ ಮನೆಯಲ್ಲಿ ಗೋಬಿಯ ಮಾತೇ ಇರಲಿಲ್ಲ. ಜೋಳದ ಹಿಟ್ಟಿನ ರೊಟ್ಟಿ ತಿಂದೆವು. ಐದು ಕೆಜಿ ಅಂದರೆ ಸಣ್ಣದಲ್ಲ. ನಾಲ್ಕನೇ ಶನಿವಾರ ಮಗಳು ಕ್ಯಾಲೆಂಡರಿನಲ್ಲಿ ‘ಗೋ’ ಮೇಲೆ ದೊಡ್ಡ ಪ್ರಶ್ನೆ ಚಿಹ್ನೆ ಹಾಕಿದಳು. ಕೊಡೆ ಹಿಡಿದು ಹೊರಟೆ.

ಅವತ್ತು ಮೊದಲ ಸಲ ಗಾಡಿಯವನ ಕೆಲಸ ಸರಿಯಾಗಿ ನೋಡಿದೆ. ಅವನ ಬರ್ನರ್ ನಮ್ಮನೆಯದರ ಹಾಗೆ ಸುಮ್ಮನೆ ಉರಿಯುವುದಿಲ್ಲ. ಬುಸ್ ಅಂತ ಬುಸುಗುಡುತ್ತದೆ. ಪಕ್ಕದಲ್ಲಿ ನಿಂತವರ ಮಾತು ಕೇಳಿಸುವುದಿಲ್ಲ. ಬಾಣಲೆಯ ಅಂಚು ದಾಟಿ ಬೆಂಕಿ ಮೇಲೆ ಬರುತ್ತದೆ. ಬೆಳ್ಳುಳ್ಳಿ ಬಿದ್ದು ಬಣ್ಣ ತಿರುಗುವಷ್ಟರಲ್ಲಿ ಈರುಳ್ಳಿ, ಅದರ ಹಿಂದೆ ಸಾಸ್. ಸೌಟಿನ ತುದಿಯನ್ನು ಈ ಡಬ್ಬಕ್ಕೊಂದು ಸಲ, ಆ ಡಬ್ಬಕ್ಕೊಂದು ಸಲ ಮುಟ್ಟಿಸುತ್ತಾನೆ, ಅಳತೆ ಏನೂ ಇಲ್ಲ. ಒಂದು ಚೂರು ಗಂಜಿಪುಡಿಯ ನೀರು. ಕರಿದ ಗೋಬಿ. ಎರಡು ಸಲ ಮಣಿಕಟ್ಟು ತಿರುಗಿಸಿದ. ಒಂದು ಕಾಳೂ ಕೆಳಗೆ ಬೀಳಲಿಲ್ಲ. ನಾನು ಗಡಿಯಾರ ನೋಡಿಕೊಂಡಿದ್ದೆ. ಎರಡೂವರೆ ನಿಮಿಷ. ನಮಗೆ ಮೂರು ಗಂಟೆ ಹಿಡಿದಿತ್ತು.

‘ಏನ್ ಸಾರ್, ಒಂದು ತಿಂಗಳಿಂದ ಕಾಣ್ಲೇ ಇಲ್ಲ. ಊರಲ್ಲಿರ್ಲಿಲ್ವಾ?’

ಮನೆಯಲ್ಲೇ ಮಾಡಿದ್ವಿ ಅಂತ ಹೇಗೆ ಹೇಳುವುದು? ‘ಸ್ವಲ್ಪ ಹುಷಾರಿರ್ಲಿಲ್ಲ’ ಅಂದೆ.

‘ಅಯ್ಯೋ, ಏನಾಗಿತ್ತು ಸಾರ್?’

‘ಹೊಟ್ಟೆ.’

ಪಾಪ, ಒಳ್ಳೇ ಮನುಷ್ಯ. ತಲೆಯಾಡಿಸಿ ಮುಂದಿನದನ್ನು ಮಾಡಿ ಕಟ್ಟಿಕೊಟ್ಟ. 320 ಕೊಟ್ಟು ಮನೆಗೆ ತಂದು ಪೊಟ್ಟಣ ಬಿಚ್ಚಿದೆವು. ಮಗಳು ಒಂದು ಬಾಯಿಗೆ ಹಾಕಿಕೊಂಡು ಮುಖ ನೋಡಿದಳು. ಖಾರವೇ ಇಲ್ಲ. ನೂಡಲ್ಸ್‌ಗೂ ಇಲ್ಲ, ರೈಸ್‌ಗೂ ಇಲ್ಲ. ನನ್ನ ಹೊಟ್ಟೆಗೆ ಅಂತ ಅಷ್ಟಕ್ಕೂ ಮೆಣಸಿನಕಾಯಿ ಬಿಟ್ಟಿದ್ದ.

ಹೆಂಡತಿ ಎದ್ದು ಹೋಗಿ ಕೆಂಪು ಚಿಲ್ಲಿ ಸಾಸ್ ಬಾಟಲಿ ತಂದು ನಡುವೆ ಇಟ್ಟಳು. ‘ತಗೊಳ್ಳಿ, ನಿಮ್ಮ ಬಂಡವಾಳ’ ಅಂದಳು.